ಸೊನ್ನೆ ನಂಬರಿನ ಎಣ್ಣೆ

ಹೊನ್ನಾಳಿಯಲ್ಲಿ ನನ್ನನ್ನು ಎಣ್ಣೆ ಓಬಕ್ಕ ಎನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ಇದು ಕುಡಿಯುವ ಎಣ್ಣೆಯಲ್ಲ. ಹೊಳೆ ಕಡೆ ಹೋಗುವ ರಸ್ತೆಯ ಒಂದು ಆಟೊಮೊಬೈಲ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತು ಇಂಜಿನ್ ಆಯಿಲ್ ಮಾರಿದವಳು ನಾನು. ತವರು ಜಗಳೂರಿನ ಕಡೆ. ನನ್ನ ತಮ್ಮನ ಮದುವೆ ಮಾತುಕತೆಗೆ ಬಂದ ಬೀಗರು "ಹುಡುಗನ ಅಕ್ಕ ಏನ್ ಮಾಡ್ಕೊಂಡಿದಾರೆ" ಎಂದು ಕೇಳಿದಾಗ ನಮ್ಮ ದೊಡ್ಡಪ್ಪ "ಹೊನ್ನಾಳ್ಯಾಗೆ ಎಣ್ಣೆ ಅಂಗಡಿ ನೋಡ್ಕೊಳ್ತಾಳೆ" ಎಂದುಬಿಟ್ಟಿದ್ದ. ಬೀಗರು ಕಾಫಿ ಲೋಟ ಕೆಳಗಿಟ್ಟರು. ಮದುವೆ ಆಯಿತೆನ್ನಿ, ಆದರೆ ಆ ಲೋಟವನ್ನು ಮತ್ತೆ ಅವರ ಕೈಗೆತ್ತಿಸುವುದಕ್ಕೆ ನಮಗೆ ಅರ್ಧ ಗಂಟೆ ಹಿಡಿಯಿತು.

ಹೋದ ವರ್ಷ ಮಂಡಿ ನೋವು ಜಾಸ್ತಿಯಾಗಿ ಕೌಂಟರ್ ಬಿಟ್ಟೆ. ಈಗ ಅಲ್ಲಿ ಇಬ್ಬರು ಹೊಸ ಹೆಣ್ಣುಮಕ್ಕಳು ನಿಂತಿದ್ದಾರೆ. ಮೊನ್ನೆ ಮನೆಗೆ ಬಂದು, "ಅಕ್ಕ, ಈ ನಂಬರೆಲ್ಲ ಹೆಂಗೆ ನೆನಪಿಟ್ಕೊಂಡ್ರಿ? ನಮಗೂ ಒಂದು ಬರೆದು ಕೊಡ್ರಿ" ಎಂದರು. ನಂಬರು ಬರೆಯಲು ಒಂದು ಹಾಳೆ ಸಾಕು. ಅದು ಡಬ್ಬದ ಮೇಲೇ ಇರುತ್ತದೆ, ಕಾರಿನ ಪುಸ್ತಕದಲ್ಲೂ ಇರುತ್ತದೆ. ಎರಡರಲ್ಲೂ ಇಲ್ಲದ್ದನ್ನು ಬರೆಯೋಣ ಎಂದು ಕುಳಿತಿದ್ದೇನೆ.

ನಾನು ಸೇರಿದ ಕಾಲಕ್ಕೆ ಎಣ್ಣೆ ಬ್ಯಾರಲ್‌ನಲ್ಲಿ ಬರುತ್ತಿತ್ತು. ಕೈಪಂಪು ಹೊಡೆದು, ಲೀಟರಿನ ಅಳತೆಗೆ ತುಂಬಿ, ಗಿರಾಕಿ ತಂದ ಕ್ಯಾನಿಗೆ ಸುರಿಯಬೇಕು. ಸೆರಗು, ಬಳೆ, ಕೂದಲು ಎಲ್ಲಕ್ಕೂ ಎಣ್ಣೆ. "ರೊಟ್ಟಿಗೂ ಲಾರಿ ವಾಸನೆ ಬರ್ತೈತೆ" ಎಂದು ನಮ್ಮ ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಆಗ ಯಾರೂ ನಂಬರು ಕೇಳುತ್ತಿರಲಿಲ್ಲ. "ಗಟ್ಟೀದು ಕೊಡಕ್ಕ" ಎನ್ನುತ್ತಿದ್ದರು, ಅಷ್ಟೇ. ನಮ್ಮ ಮಾತಿನಲ್ಲಿ ಗಟ್ಟಿ ಎಂದರೆ ಮಂದವಾದದ್ದೂ ಹೌದು, ಬಾಳಿಕೆ ಬರುವುದೂ ಹೌದು. ಗಟ್ಟಿ ಮೊಸರು, ಗಟ್ಟಿ ಆಳು, ಗಟ್ಟಿ ಕುಳ. ತೆಳ್ಳಗಿದ್ದರೆ ಯಾರೋ ನೀರು ಬೆರೆಸಿದ್ದಾರೆ ಎಂದೇ ಅರ್ಥ. ಹಾಲಿನವನ ಮೇಲೆ ಇರುವ ಅನುಮಾನವೆಲ್ಲ ಎಣ್ಣೆಯವಳ ಮೇಲೂ ಇತ್ತು.

ಸೇರಿದ ಮೊದಲ ವಾರ ನಾನೂ ಹಾಗೇ ನಂಬಿದ್ದೆ. ಕತ್ತಲಗೆರೆಯ ರೈತರೊಬ್ಬರು ಟ್ರ್ಯಾಕ್ಟರ್ ಇಂಜಿನ್ನಿಗೆ ಗಟ್ಟಿ ಎಣ್ಣೆ ಕೇಳಿದರು. ಅಂಗಡಿಯಲ್ಲಿ ಇದ್ದುದರಲ್ಲೇ ಅತಿ ಗಟ್ಟಿಯದು ಮೂಲೆಯ ಬ್ಯಾರಲ್‌ನಲ್ಲಿತ್ತು. ಒಳ್ಳೆಯ ಮನುಷ್ಯ, ಒಳ್ಳೆಯದೇ ಹೋಗಲಿ ಎಂದು ಅದನ್ನೇ ತುಂಬಿ ಕಳಿಸಿದೆ. ಅದು ಗೇರ್ ಬಾಕ್ಸಿಗೆ ಹಾಕುವ ಎಣ್ಣೆ. ಅಂಗಡಿಯ ಎದುರೇ ಗ್ಯಾರೇಜ್ ಇಟ್ಟಿದ್ದ ಹಾಲೇಶಪ್ಪ ಮೇಸ್ತ್ರಿ ಸಂಜೆ ಬಂದವರು ನೆಲಕ್ಕೆ ಬಿದ್ದ ಹನಿಯನ್ನು ಬೆರಳಿಗೆ ತಗೊಂಡು ಉಜ್ಜಿ, "ಇದನ್ನ ಯಾರಿಗೆ ಕೊಟ್ಟೆ" ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಸ್ಕೂಟರ್ ಹತ್ತಿ ಕತ್ತಲಗೆರೆಗೆ ಹೋಗಿ, ರೈತರು ಟ್ರ್ಯಾಕ್ಟರ್ ಚಾಲೂ ಮಾಡುವ ಮೊದಲೇ ಎಣ್ಣೆ ಇಳಿಸಿ ಬಂದರು. ಮರುದಿನ ಅಂಗಡಿಯ ಯಜಮಾನರಿಗೆ, "ನಾನೇ ತಪ್ಪು ಬ್ಯಾರಲ್ ತೋರಿಸಿದ್ದೆ, ಆ ಹುಡುಗೀದು ಏನೂ ಇಲ್ಲ" ಎಂದರು. ನನ್ನ ಕೆಲಸ ಉಳಿಯಿತು. ಆವತ್ತಿನಿಂದ ಅವರು ನನಗೆ ಅಣ್ಣ.

ಅಣ್ಣನ ಹೆಬ್ಬೆರಳಿಗೆ ಸುತ್ತಮುತ್ತ ಹೆಸರಿತ್ತು. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯ ತುದಿಯಿಂದ ಒಂದು ಹನಿ ತಗೊಂಡು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, "ಇನ್ನೂ ಸಾವಿರ ಕಿಲೋಮೀಟರ್ ಓಡ್ತೈತೆ" ಎಂದರೆ ಸಾವಿರ ಓಡುತ್ತಿತ್ತು. ಚನ್ನಗಿರಿಯಿಂದಲೂ ಗಾಡಿಗಳು ಬರುತ್ತಿದ್ದವು. ಹೊಸ ಎಣ್ಣೆ ಬಂದಾಗೆಲ್ಲ ನನ್ನ ಕೌಂಟರಿಗೆ ಬಂದು ಉಜ್ಜಿ ನೋಡುವರು. ಅವರು ತಲೆಯಾಡಿಸಿದರೆ ಮಾತ್ರ ನಾನು ಅದನ್ನು ಮುಂದಿನ ಕಪಾಟಿನಲ್ಲಿಡುತ್ತಿದ್ದೆ. ಎಣ್ಣೆಯ ಬಗ್ಗೆ ನಾನು ಕಲಿತದ್ದೆಲ್ಲ ಆ ಬೆರಳನ್ನು ನೋಡಿ.

ಆಮೇಲೆ ಡಬ್ಬಗಳು ಬಂದವು, ಡಬ್ಬದ ಮೇಲೆ ನಂಬರುಗಳು ಬಂದವು. ಇಪ್ಪತ್ತು ಡಬ್ಲ್ಯೂ ಐವತ್ತು, ಹದಿನೈದು ಡಬ್ಲ್ಯೂ ನಲವತ್ತು. ಡಬ್ಲ್ಯೂ ಅಂದರೆ ವಾಟರ್ ಇರಬೇಕು ಎಂದುಕೊಂಡು, ಎಣ್ಣೆಯಲ್ಲಿ ಇಷ್ಟು ಪಾಲು ನೀರಿದೆ ಎಂದು ಡಬ್ಬದ ಮೇಲೇ ಬರೆಯುವ ಕಂಪನಿಯವರ ಪ್ರಾಮಾಣಿಕತೆಗೆ ನಾನು ಒಂದು ವರ್ಷ ಬೆರಗಾಗಿದ್ದೆ. ಕಂಪನಿಯ ಸೇಲ್ಸ್‌ನವರು ಒಬ್ಬರು ನಕ್ಕು ಬಿಡಿಸಿ ಹೇಳಿದರು. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಮೊದಲನೆಯ ನಂಬರು ಇಂಜಿನ್ ತಣ್ಣಗಿದ್ದಾಗ ಎಣ್ಣೆ ಎಷ್ಟು ಬೇಗ ಹರಿಯುತ್ತದೆ ಎಂಬುದಕ್ಕೆ. ಅದು ಕಡಿಮೆಯಿದ್ದಷ್ಟೂ ಬೇಗ ಹರಿಯುತ್ತದೆ. ಎರಡನೆಯದು ಇಂಜಿನ್ ಕಾದ ಮೇಲೆ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಕ್ಕೆ. ಹೆಣ್ಣುಮಕ್ಕಳೇ, ನಿಮಗೆ ಬೇಕಾದ ಪಾಠ ಇಷ್ಟೇ. ಮಿಕ್ಕಿದ್ದೆಲ್ಲ ಜನರನ್ನು ಒಪ್ಪಿಸುವ ಕೆಲಸ.

ಅದೇನೂ ಸುಲಭವಲ್ಲ. ಸೂಳೆಕೆರೆ ಕಡೆಯ ಒಬ್ಬರು ಹೊಸ ಕಾರಿಗೆ ನಾನು ಕೊಟ್ಟ ತೆಳು ಎಣ್ಣೆಯನ್ನು ವಾಪಸ್ ತಂದು ಕೌಂಟರಿನ ಮೇಲೆ ಕುಕ್ಕಿದರು. "ಏನಮ್ಮ ಇದು, ಮಜ್ಜಿಗೆ ಇದ್ದಂಗೈತೆ. ನಮ್ಮೂರಾಗೆ ಚಳಿ ಎಲ್ಲೈತೆ, ಚಳಿಗಾಲದ ನಂಬರ್ ಹೇಳ್ತೀಯಲ್ಲ" ಎಂದರು. ಮಾತು ನ್ಯಾಯವಾದದ್ದೇ. ಚಳಿ ನಮ್ಮೂರಿಗೆ ಬರದಿದ್ದರೆ ಏನಂತೆ, ಪಕ್ಕದ ಸೋಡಾ ಅಂಗಡಿಯ ಐಸ್ ಪೆಟ್ಟಿಗೆಯಲ್ಲಿ ಬೇಕಾದಷ್ಟಿತ್ತು. ಎರಡು ಗಾಜಿನ ಬಾಟಲಿಗೆ ಎರಡು ಥರದ ಎಣ್ಣೆ ಹಾಕಿ, ಅದರಲ್ಲಿಟ್ಟು, ಅವರಿಗೆ ಟೀ ತರಿಸಿದೆ. ಎರಡನೇ ಟೀ ಮುಗಿಯುವ ಹೊತ್ತಿಗೆ ಬಾಟಲಿ ತೆಗೆದು ಇಬ್ಬರೂ ಒಂದೊಂದನ್ನು ಬಗ್ಗಿಸಿದೆವು. ನನ್ನ ತೆಳು ಎಣ್ಣೆ ಆಗಲೇ ಬಾಯಿಗೆ ಬಂದಿತ್ತು, ಅವರ ಗಟ್ಟಿ ಎಣ್ಣೆ ಇನ್ನೂ ಹೊರಡುವ ಯೋಚನೆಯಲ್ಲಿತ್ತು. "ಬೆಳಗ್ಗೆ ಎದ್ದು ಸ್ಟಾರ್ಟ್ ಮಾಡ್ದಾಗ ಇಂಜಿನ್ ಒಣ ಬಾಯಲ್ಲಿ ಕಾಯ್ತಿರ್ತೈತೆ ಸ್ವಾಮಿ, ಯಾವುದು ಮೊದಲು ಹೋಗಿ ಮುಟ್ತೈತೆ ನೋಡ್ರಿ" ಎಂದೆ. ಅವರು ಒಪ್ಪಿದರು. ಮುಂದಿನ ಸಲ ಒಂದು ಮೀನು ತಂದುಕೊಟ್ಟರು.

ಅಂಗಡಿಯ ಯಜಮಾನರು ಇದನ್ನೆಲ್ಲ ಗಲ್ಲಾದಲ್ಲಿ ಕುಳಿತು ನೋಡುತ್ತಿದ್ದರು. ಮಾತು ಕಡಿಮೆಯ ಮನುಷ್ಯ, ಕೋಪ ಇನ್ನೂ ಕಡಿಮೆ. ಅವರು ನನಗೆ ಹಾಕಿದ್ದು ಒಂದೇ ಕಟ್ಟಳೆ. "ಗಿರಾಕಿ ಜೊತೆ ಎಷ್ಟಾದ್ರೂ ವಾದ ಮಾಡು. ಮೇಸ್ತ್ರಿಗಳ ಜೊತೆ ಮಾತ್ರ ಬ್ಯಾಡ. ಒಬ್ಬ ಮೇಸ್ತ್ರಿ ಅಂದ್ರೆ ನೂರು ಗಿರಾಕಿ." ಹಾಲೇಶಪ್ಪ ಅಣ್ಣನ ಜೊತೆ ವಾದ ಮಾಡಬೇಡ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ನನ್ನ ನಾಲಿಗೆಗೇ ಬರುತ್ತಿರಲಿಲ್ಲ.

ಇನ್ನು ಹೈಬ್ರಿಡ್ ಕಾರಿನ ವಿಷಯ. ನಮ್ಮ ಕಡೆ ಅದು ಬಂದದ್ದು ತೀರಾ ಇತ್ತೀಚೆಗೆ. ಪೆಟ್ರೋಲ್ ಇಂಜಿನ್ನೂ ಇರುತ್ತದೆ, ಬ್ಯಾಟರಿಯ ಮೋಟಾರೂ ಇರುತ್ತದೆ. ಓಡುತ್ತಿರುವಾಗಲೇ ಇಂಜಿನ್ ಮಲಗುತ್ತದೆ, ಬೇಕಾದಾಗ ತಾನೇ ಏಳುತ್ತದೆ, ಹೊನ್ನಾಳಿಯಿಂದ ದಾವಣಗೆರೆ ಮುಟ್ಟುವುದರೊಳಗೆ ಎಷ್ಟು ಸಲವೋ. ಹಾಗಾಗಿ ಬೇರೆ ಕಾರಿನಷ್ಟು ಅದು ಬಿಸಿಯಾಗುವುದೂ ಇಲ್ಲ. ಎದ್ದಾಗಲೆಲ್ಲ ಎಣ್ಣೆ ತಕ್ಷಣ ಮೇಲಿನವರೆಗೂ ಮುಟ್ಟಬೇಕು. ಅದಕ್ಕೇ ಆ ಕಾರುಗಳಿಗೆ ಸೊನ್ನೆ ಡಬ್ಲ್ಯೂ ಇಪ್ಪತ್ತು, ಕೆಲವಕ್ಕೆ ಸೊನ್ನೆ ಡಬ್ಲ್ಯೂ ಹದಿನಾರು ಎಂಬ ನೀರಿನಂಥ ಎಣ್ಣೆ. ಕಂಪನಿಯವರು ಗೋಡೆಗೆ ಅಂಟಿಸಿಹೋದ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿತ್ತು. ನಾನು ಓದಿದ್ದೆ. ಸೊನ್ನೆ ಡಬ್ಲ್ಯೂ ಇಪ್ಪತ್ತರ ಎರಡು ಡಬ್ಬಗಳೂ ಕಪಾಟಿನ ಮೇಲಿದ್ದವು. ಯಾರೂ ಕೇಳದೆ, ವಾರಕ್ಕೊಮ್ಮೆ ನನ್ನ ಕೈಯಲ್ಲಿ ಧೂಳು ಒರೆಸಿಕೊಂಡು ಕುಳಿತಿದ್ದವು.

ನ್ಯಾಮತಿಯ ಕಲಾವತಿ ಸಿಸ್ಟರ್ ಆರೋಗ್ಯ ಕೇಂದ್ರದಲ್ಲಿ ನರ್ಸ್. ಗಂಡ ಇಲ್ಲ. ಒಬ್ಬಳೇ ಮಗಳು ಚಂದನ, ಒಂಬತ್ತು ವರ್ಷ. ಆ ಮಗುವಿನ ಮೈಯಲ್ಲಿ ಬೇಕಾದಷ್ಟು ರಕ್ತ ಹುಟ್ಟುವುದಿಲ್ಲ. ಮೂರು ವಾರಕ್ಕೊಮ್ಮೆ ದಾವಣಗೆರೆಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸಬೇಕು, ದಿನ ತಪ್ಪಿದರೆ ಮಗು ಬಾಡುತ್ತದೆ. ಬಸ್ಸಿನಲ್ಲಿ ನಿಂತು ಹೋಗಿ ಹೋಗಿ ಮಗುವಿಗೆ ಸುಸ್ತಾಗುತ್ತದೆಂದು ಸಿಸ್ಟರ್ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಹೈಬ್ರಿಡ್ ಕಾರು ತಗೊಂಡರು. ಹಾಲೇಶಪ್ಪನವರ ಹೆಸರು ಕೇಳಿ ಮೊದಲ ಸರ್ವೀಸಿಗೆ ಅವರ ಹತ್ತಿರವೇ ಬಂದರು.

ಅಣ್ಣ ಕಾರಿನ ಬಾನೆಟ್ ತೆಗೆದಿಟ್ಟು ನನ್ನ ಕೌಂಟರಿಗೆ ಬಂದು, "ಇಪ್ಪತ್ತು ಐವತ್ತು ಕೊಡು ಓಬಕ್ಕ, ನಾಕು ಲೀಟರ್" ಎಂದರು. ಅಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ನಾನು ಧೈರ್ಯ ಮಾಡಿ, "ಅಣ್ಣ, ಎಣ್ಣೆ ಹಾಕೋ ಮುಚ್ಚಳದ ಮ್ಯಾಲೆ ಏನಾರ ಬರೆದೈತಾ" ಎಂದು ಕೇಳಿದೆ.

"ಬರೆದೈತೆ. ಸೊನ್ನೆ ಅಂತ ಬರೆದೈತೆ" ಎಂದರು. "ಸೊನ್ನೆ ಅಂದ್ರೆ ಏನೂ ಇಲ್ಲ ಅಂತ. ಎಣ್ಣೇನೇ ಹಾಕಬ್ಯಾಡ್ರಿ ಅಂತಾನೇನೋ ಕಂಪನಿಯವ್ನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಇಪ್ಪತ್ತು ಐವತ್ತರ ಡಬ್ಬ ಇಳಿಸಿದೆ. ಅಣ್ಣ ಮುಚ್ಚಳ ತೆಗೆದು, ಒಂದು ಹನಿ ಉಜ್ಜಿ, ಕಣ್ಣು ಮುಚ್ಚಿ, ತಲೆಯಾಡಿಸಿದರು. ಸೂಳೆಕೆರೆಯವರಿಗೆ ಐಸ್ ಪೆಟ್ಟಿಗೆ ತೋರಿಸಿದವಳು ನಾನೇ. ಅಣ್ಣನ ಮುಂದೆ ಗೋಡೆಯ ಪಟ್ಟಿಯ ಕಡೆ ಬೆರಳು ಕೂಡ ಎತ್ತಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಅವತ್ತು ಮುಚ್ಚಿಕೊಂಡವಳು ನಾನು.

ಎರಡು ವಾರವಾಗಿತ್ತು. ಒಂದು ಬೆಳಗ್ಗೆ ಸಿಸ್ಟರ್ ಮಗಳನ್ನು ಕೂರಿಸಿಕೊಂಡು ದಾವಣಗೆರೆಗೆ ಹೊರಟಿದ್ದಾರೆ. ಇಂಜಿನ್ ಎದ್ದಾಗಲೆಲ್ಲ ಕಟಕಟ ಸದ್ದು. ಹೊನ್ನಾಳಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿ, ಕಾರು ಎಳೆಯದೆ ಹೋಯಿತು. ರಸ್ತೆ ಪಕ್ಕ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಬಸ್ಸಿಗೆ ಕೈ ಮಾಡಿ, ನಿಂತುಕೊಂಡೇ ಹೋದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ತಾಯಿಯ ಹೆಗಲ ಮೇಲೆ ತಲೆ ಎತ್ತುತ್ತಿರಲಿಲ್ಲವಂತೆ. ರಕ್ತ ಹಾಕಿದ ಮೇಲೆ ಸರಿಹೋದಳು. ಕಾರನ್ನು ಸಿಸ್ಟರ್ ಅವರ ತಮ್ಮ ಬಂದು ನಿಧಾನವಾಗಿ ಮನೆಗೆ ಓಡಿಸಿಕೊಂಡು ಹೋದ. ಮರುದಿನ ಸಿಸ್ಟರ್ ಅಣ್ಣನಿಗೆ ಫೋನ್ ಮಾಡಿದರು. ಕೂಗಾಡಲಿಲ್ಲ. "ನಿಮ್ಮನ್ನ ನಂಬಿ ಮಗೂನ ಕೂರಿಸ್ಕೊಂಡು ಹೋಗಿದ್ದೆ ಮೇಸ್ತ್ರಿ" ಎಂದು ಇಟ್ಟುಬಿಟ್ಟರು.

ಅಣ್ಣ ರಸ್ತೆ ದಾಟಿ ಬಂದು ನನ್ನ ಮುಂದೆ ನಿಂತರು. ಮುಖ ಸಣ್ಣಗಾಗಿತ್ತು. "ನಲವತ್ತು ವರ್ಷದಾಗೆ ಯಾರೂ ನಂಗೆ ಹಿಂಗೆ ಅಂದಿಲ್ಲ. ಎಲ್ಲಿ ತಪ್ಪಿದೆ ಅಂತ ತಿಳೀವಲ್ದು ಓಬಕ್ಕ" ಎಂದರು.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಕೌಂಟರಿನ ಹಿಂದೆ ಆ ಬಂಗಾರಕ್ಕೆ ತಗಡಿನ ಬೆಲೆಯೂ ಇಲ್ಲ. "ಎಣ್ಣೆ ತಪ್ಪಿದ್ದು ಅಣ್ಣ" ಎಂದೆ. ಕಪಾಟಿನಿಂದ ಸೊನ್ನೆ ನಂಬರಿನ ಎರಡೂ ಡಬ್ಬ ಇಳಿಸಿ ಅವರ ಮುಂದಿಟ್ಟೆ. ಗೋಡೆಯ ಪಟ್ಟಿ ತೋರಿಸಿದೆ. "ಆವತ್ತೇ ನಂಗೆ ಗೊತ್ತಿತ್ತು."

ಅವರು ಪಟ್ಟಿ ನೋಡಿದರು, ಡಬ್ಬ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು ಸ್ಪಾರ್ಕ್ ಪ್ಲಗ್ಗಿನ ಪೆಟ್ಟಿಗೆಗಳ ನಡುವೆ ನಿಂತು ಅಳುವುದನ್ನು ಗಿರಾಕಿಗಳು ಸುಮ್ಮನೆ ನೋಡಿದರು. ಅಣ್ಣ ಎರಡೂ ಡಬ್ಬ ಕೈಗೆತ್ತಿಕೊಂಡು, "ಹೊಸ ಫಿಲ್ಟರ್ ಒಂದು ತಗೋ, ನ್ಯಾಮತಿ ಬಸ್ಸು ಬರೋ ಹೊತ್ತಾಯ್ತು" ಎಂದಷ್ಟೇ ಹೇಳಿದರು.

ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ನಾನು ಹೆಜ್ಜೆ ಮುಂದಿಟ್ಟು, "ಸಿಸ್ಟರ್, ಗೊತ್ತಿದ್ದೂ ತಪ್ಪು ಎಣ್ಣೆ ಕೊಟ್ಟೋಳು ನಾನು" ಎಂದೆ.

"ಹಾಕಿದ್ದು ನನ್ನ ಕೈ" ಎಂದು ಅಣ್ಣ ಅಡ್ಡ ಬಂದರು. "ಮುಚ್ಚಳದ ಮ್ಯಾಲೆ ಬರೆದಿದ್ದನ್ನ ಓದಿ ನಕ್ಕಿದ್ದೂ ನಾನೇ. ಒಂದು ಅವಕಾಶ ಕೊಡ್ರಿ, ಇಲ್ಲೇ ನಿಮ್ಮ ಕಣ್ಮುಂದೆ ಬದಲಾಯಿಸಿ ಕೊಡ್ತೀನಿ."

ಸಿಸ್ಟರ್ ಒಳಗಿನಿಂದ ಕೀ ತಂದು ಕೈಯಲ್ಲೇ ಹಿಡಿದುಕೊಂಡರು. "ಮುಂದಿನ ತಾರೀಕಿಗೆ ನಾನು ಮತ್ತೆ ಈ ಕಾರಾಗೇ ಹೋಗಬೇಕು ಮೇಸ್ತ್ರಿ. ಕೈಯಾಗೆ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡ್ರಿ" ಎಂದರು. ಅಣ್ಣ "ಆಗ್ತೈತೆ" ಎಂದರು. ಸಿಸ್ಟರ್ ಕಾರಿನ ಕೀ ಕೊಟ್ಟರು.

ಎಣ್ಣೆ ಇಳಿಸುವ ಮೊದಲು ಇಂಜಿನ್ ಸ್ವಲ್ಪ ಬಿಸಿಯಾಗಬೇಕು, ಆಗಲೇ ಅದು ಪೂರ್ತಿ ಇಳಿಯುವುದು. ಆದರೆ ಹೈಬ್ರಿಡ್ ಇಂಜಿನ್ ನಾವು ಕರೆದಾಗ ಏಳುವುದಿಲ್ಲ. ಗುಂಡಿ ಒತ್ತಿದರೂ ಸದ್ದಿಲ್ಲ. ಅಣ್ಣ ಬಾನೆಟ್ಟಿಗೆ ಕಿವಿಯಿಟ್ಟು ಕೇಳುತ್ತ ನಿಂತಿದ್ದನ್ನು ಕಂಡು ಚಂದನ ನಕ್ಕಳು. "ತಾತ, ಅದು ಆಗಲೇ ಆನ್ ಆಗೈತೆ. ಹೀಟರ್ ಹಾಕ್ರಿ, ಎದ್ದೇಳ್ತೈತೆ" ಎಂದಳು. ನ್ಯಾಮತಿಯ ಬೇಸಿಗೆಯಲ್ಲಿ ಕಾರೊಳಗೆ ಹೀಟರ್ ಹಾಕಿಕೊಂಡು ನಾನೂ ಆ ಮಗುವೂ ಬೆವರುತ್ತ ಕೂತೆವು. ಇಂಜಿನ್ ಎದ್ದಿತು, ಕಟಕಟ ಎಂದಿತು. ನನಗೆ ಮೈಯೆಲ್ಲ ಹಿಡಿಯಾಯಿತು.

ಅಣ್ಣ ಕಾರಿನಡಿ ನುಗ್ಗಿ ಬೋಲ್ಟ್ ಬಿಚ್ಚಿದರು. ಬಿಸಿ ಎಣ್ಣೆ ದಾರವಾಗಿ ಇಳಿದು ಬೋಗುಣಿಗೆ ಬಿತ್ತು, ಸ್ವಲ್ಪ ಅವರ ಬಲಗೈ ಮೇಲೂ ಹರಿಯಿತು. ಅವರು ಕೈ ತೆಗೆಯಲಿಲ್ಲ. ಬೋಲ್ಟ್ ಒರೆಸುತ್ತ ನಿಧಾನವಾಗಿ ಹೊರಗೆ ಬಂದರು. ಹೊಸ ಫಿಲ್ಟರ್ ಹಾಕಿ, ಸೊನ್ನೆ ನಂಬರಿನ ಎಣ್ಣೆ ಸುರಿದರು. ನೀರು ಹೊಯ್ದಷ್ಟು ಸಲೀಸಾಗಿ ಇಳಿಯಿತು. ಮತ್ತೆ ಹೀಟರ್ ಹಾಕಿ ಕಾದೆವು. ಈ ಸಲ ಇಂಜಿನ್ ಯಾವಾಗ ಎದ್ದಿತೆಂದೇ ನಮಗೆ ತಿಳಿಯಲಿಲ್ಲ, ಚಂದನಳೇ ಹೇಳಬೇಕಾಯಿತು. ಹಳದಿ ದೀಪ ಮಾತ್ರ ಆರಲಿಲ್ಲ. ಕೆಲವು ದಿನ ಓಡಿಸಿದ ಮೇಲೆ ತಾನೇ ಆರಬಹುದು, ಆರದಿದ್ದರೆ ದಾವಣಗೆರೆಯಲ್ಲಿ ಮಿಷನ್ನು ಹಾಕಿ ನೋಡಿಸೋಣ ಎಂದು ಅಣ್ಣ ಇದ್ದದ್ದನ್ನು ಇದ್ದಂತೆ ಹೇಳಿದರು. ಮುಂದಿನ ತಾರೀಕಿಗೆ ಮೊದಲೇ ಅದು ಆರಿತು.

ಸಿಸ್ಟರ್ ಕಾರು ನೋಡುತ್ತಿರಲಿಲ್ಲ. ಅಣ್ಣನ ಕೈ ನೋಡುತ್ತಿದ್ದರು. ಹತ್ತಿರ ಬಂದು ಬಲಗೈ ಹಿಡಿದುಕೊಂಡು ನಲ್ಲಿಯ ಕೆಳಗೆ ಇಟ್ಟರು. ಹೆಬ್ಬೆರಳ ಬುಡದಲ್ಲಿ ಚರ್ಮ ಕೆಂಪಗೆ ಉಬ್ಬಿತ್ತು. ಒರೆಸಿ, ತಮ್ಮ ಪೆನ್ನಿನ ಮೊನೆಯಿಂದ ಹೆಬ್ಬೆರಳ ತುದಿಯನ್ನು ಒತ್ತಿದರು.

"ಗೊತ್ತಾಗ್ತೈತಾ?"

ಅಣ್ಣ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು.

"ಇಲ್ಲಿ? ಇಲ್ಲಿ ಒತ್ತಿದ್ರೆ?"

ಅಣ್ಣ ನನ್ನ ಕಡೆ ಒಂದು ಸಲ ನೋಡಿ ಮುಖ ತಗ್ಗಿಸಿದರು. "ಇಲ್ಲ ಸಿಸ್ಟರ್" ಎಂದರು. "ಶುಗರ್ ಬಂದು ಬಾಳ ವರ್ಷ ಆಯ್ತು. ಬೆರಳು ಸತ್ತು ನಾಕು ವರ್ಷ."

ನಾಲ್ಕು ವರ್ಷ. ಅಷ್ಟೂ ದಿನ ನನ್ನ ಕೌಂಟರಿಗೆ ಬಂದು ಹನಿ ಉಜ್ಜಿ, ಕಣ್ಣು ಮುಚ್ಚಿ, ತಲೆಯಾಡಿಸಿದ್ದರು. ಆ ಬೆರಳಿಗೆ ಎದುರಾಡಬಾರದೆಂದು ನಾನು ಗೋಡೆಯ ಪಟ್ಟಿಯನ್ನು ಬಚ್ಚಿಟ್ಟುಕೊಂಡು ಕೂತಿದ್ದೆ.

ಸಿಸ್ಟರ್ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ದನಿಯಲ್ಲಿ ಕೋಪ ಇರಲಿಲ್ಲ. "ಬಿಸಿ ತಿಳಿಯಲ್ಲ ಅಂದ್ರೆ ಒಂದಿನ ಕೈ ಕಳ್ಕೊಳ್ತೀರಿ ಮೇಸ್ತ್ರಿ. ಇನ್ನ ಮ್ಯಾಲೆ ಎಣ್ಣೇನ ಓಬಕ್ಕ ನೋಡ್ಲಿ, ಕೈಯನ್ನ ನಾನು ನೋಡ್ತೀನಿ. ಸೋಮವಾರ ಬಂದು ಶುಗರ್ ಟೆಸ್ಟ್ ಮಾಡಿಸ್ಕೊಳ್ರಿ" ಎಂದರು. ಆಮೇಲೆ ಒಳಗೆ ಕರೆದು ಊಟಕ್ಕೆ ಹಾಕಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ಅಣ್ಣ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ ಅಣ್ಣ?"

"ಹೆಂಗ್ ಹೇಳ್ಲಿ ಓಬಕ್ಕ" ಎಂದರು. "ನಾನು ಬೆರಳು ಉಜ್ಜುವಾಗ ನೀನು ಎಲ್ಲ ಕೆಲಸ ಬಿಟ್ಟು ನೋಡ್ತಾ ನಿಂತಿರ್ತಿದ್ದೆ."